ಹೆಣ್ಣು ಹನ್ನೆರಡು, ಗಂಡು ಹದಿಮೂರು

ವೃಷಭ ಮಗದುಮ್ಮರಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುತ್ತಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷ ಕಂಟ್ರೋಲರ್ ಆಗಿದ್ದ ಅವರಿಗೆ ಮೈಕಿನ ಮೇಲೆ ನಂಬಿಕೆ ಇರಲಿಲ್ಲ. ನಿಪ್ಪಾಣಿ, ರಾಯಬಾಗ, ಅಥಣಿ, ಮೀರಜ ಬಸ್ಸುಗಳನ್ನೆಲ್ಲ ಬರೀ ಗಂಟಲಿನಿಂದಲೇ ಹೊರಡಿಸಿದ ಮನುಷ್ಯ ಅವರು. ಮನೆಯಲ್ಲಿ ಊಟಕ್ಕೆ ಕೂತು ‘ಉಪ್ಪು’ ಅಂದರೆ ಮೂರನೆಯ ಮನೆಯ ತಾರವ್ವ ಉಪ್ಪಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದದ್ದುಂಟು.

ಅವರು ನಿವೃತ್ತರಾದ ದಿನ ಡಿಪೋದವರು ಶಾಲು ಹೊದಿಸಿ ಹಾರ ಹಾಕಿ, ‘ಮುಂದೇನು ಮಾಡ್ತೀರಿ ಸಾಹೇಬ್ರ?’ ಎಂದು ಕೇಳಿದರು. ಅದೇ ದಿನ ನಿವೃತ್ತರಾದ ಇನ್ನೊಬ್ಬರು ಆಗಲೇ ‘ದ್ರಾಕ್ಷಿ ಹಚ್ಚತೀನಿ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದರು. ಮಗದುಮ್ಮರಿಗೆ ಹೊಲ ಇರಲಿಲ್ಲ. ಏನಾದರೂ ಹೇಳಲೇಬೇಕಾಗಿತ್ತು.

“ನಾ ಬಡಿಗತನ ಮಾಡಾಂವ! ಏಳನೇತ್ತೇದಾಗ ಕ್ರಾಫ್ಟ್ ವಿಷಯಕ್ಕ ತಾಲೂಕಿಗೇ ಫಸ್ಟ್ ಬಂದಾಂವ ಅದೀನಿ. ನಡುವ ನಲವತ್ತೇಳು ವರ್ಷ ಬಿಟ್ಟಿತ್ತು, ಅಷ್ಟ!”

ಚಪ್ಪಾಳೆ ಬಿತ್ತು. ಆ ಸ್ಪರ್ಧೆಯಲ್ಲಿ ಇಬ್ಬರೇ ಇದ್ದರು, ಇನ್ನೊಬ್ಬನಿಗೆ ಆ ದಿನ ಗದ್ದಬಾವು ಬಂದಿತ್ತು, ಫಸ್ಟ್ ಬಂದದ್ದು ಒಂದು ಲಟ್ಟಣಿಗೆಗೆ ಎಂಬ ವಿವರಗಳು ಅವರ ಹೆಂಡತಿ ಸುಗಂಧಾಬಾಯಿಗೆ ಮಾತ್ರ ಗೊತ್ತಿದ್ದವು. ಅವರು ಮುಂದಿನ ಸಾಲಿನಲ್ಲಿ ಕೂತು ಸುಮ್ಮನೆ ಸೆರಗು ಸರಿಮಾಡಿಕೊಂಡರು.

ಆಡಿದ ಮಾತು ನಡೆಸಬೇಕಲ್ಲ. ಮಗದುಮ್ಮರು ನಿಪ್ಪಾಣಿಗೆ ಹೋಗಿ ಗರಗಸ, ನಯ ಹೆರೆಯುವ ರಂದಾ, ಹೊಡೆಯಲು ಮರದ ಕೊಡತಿ, ಹನ್ನೆರಡು ಮಿಲಿಮೀಟರಿನ ಉಳಿ ತಂದರು. ಮೊದಲ ವಾರವೆಲ್ಲ ಉಳಿ ಮಸೆಯುವುದರಲ್ಲೇ ಹೋಯಿತು. ಹರಿತ ಬಂದಿದೆಯೇ ಎಂದು ನೋಡಲು ಎಡಗೈ ಮೇಲಿನ ಕೂದಲು ಹೆರೆದು ನೋಡಬೇಕು ಎಂದು ಎಲ್ಲೋ ಕೇಳಿದ್ದರು. ಹಾಲಿನವನಿಗೆ ಒಮ್ಮೆ, ಪೋಸ್ಟಿನವನಿಗೆ ಒಮ್ಮೆ ಹೆರೆದು ತೋರಿಸಿದರು. ಶನಿವಾರದ ಹೊತ್ತಿಗೆ ಎಡಗೈ ಹಸುಗೂಸಿನ ಕೈಯಂತೆ ನುಣ್ಣಗಾಗಿತ್ತು.

“ಏನ್ರಿ, ಇನ್ನರ ಏನಾದ್ರೂ ಮಾಡ್ರಿ. ಇಲ್ಲಂದ್ರ ಬಲಗೈಗೆ ಬರ್ತೀರಿ, ಆಮ್ಯಾಲ ನನ್ನ ಕಡೆ ನೋಡ್ತೀರಿ” ಅಂದರು ಸುಗಂಧಾಬಾಯಿ.

ಹಾಗಾಗಿ ಒಂದು ಸ್ಟೂಲು ಹುಟ್ಟಿತು. ಅದಕ್ಕೆ ಮೂವತ್ತೊಂದು ಮೊಳೆ ಹಿಡಿದವು. ಮೂವತ್ತೆರಡನೆಯ ಮೊಳೆ ಹೊಡೆಯುವಾಗ ಹಲಗೆ ಸೀಳಿ ಸ್ಟೂಲು ಎರಡು ಸ್ಟೂಲಾಯಿತು. ಆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಮಗದುಮ್ಮರು ಚಿಂಚಲಿಯ ಮುರಗೆಪ್ಪ ಬಡಿಗೇರರ ಹತ್ತಿರ ಹೋದರು.

ಮುರಗೆಪ್ಪಜ್ಜನಿಗೆ ಎಪ್ಪತ್ತೆಂಟು ವರ್ಷ. ರಾಯಬಾಗ ತಾಲೂಕಿನಲ್ಲಿ ಅವರು ಕೂಡಿಸಿದ ಬಾಗಿಲುಗಳು ಇನ್ನೂ ಒಂದಿಂಚು ಜಗ್ಗಿಲ್ಲ. ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ಬಹಳ ವರ್ಷ ಇದ್ದದ್ದರಿಂದ ಕಿವಿ ಮಾತ್ರ ಮುಕ್ಕಾಲು ಹೋಗಿತ್ತು. ಅಜ್ಜ ಸೀಳಿದ ಹಲಗೆಯನ್ನು ತಿರುಗಿಸಿ ನೋಡಿ, ಮೊಳೆಗಳನ್ನು ಎಣಿಸಿ, ಉಸಿರು ಬಿಟ್ಟರು.

“ಸಾಹೇಬ್ರ, ಮೊಳಿ ಹೊಡದು ಕೂಡಸೂದು ಅಂದ್ರ ಕೈಕಾಲು ಕಟ್ಟಿ ಸಂಸಾರಕ್ಕ ಹಚ್ಚಿದಂಗ. ಎಷ್ಟು ದಿನ ಬಾಳತೈತಿ? ಇಲ್ನೋಡ್ರಿ. ಕಾಲಿನ್ಯಾಗ ಉಳೀಲೆ ಒಂದು ಗುಂಡಿ ತಗೀತೀವಿ, ಅದು ಹೆಣ್ಣು. ಅಡ್ಡಪಟ್ಟಿ ತುದಿಗೆ ಒಂದು ನಾಲಿಗಿ ಬಿಡ್ತೀವಿ, ಅದು ಗಂಡು. ಅಳತಿ ಬರೋಬ್ಬರಿ ಇದ್ರ ಅಂಗೈಲೆ ಒತ್ತಿದ್ರ ಸಾಕು, ಕೂಡತಾವ. ಬರೋಬ್ಬರಿ ಇರದಿದ್ರ ಕೊಡತೀಲೆ ಹೊಡದ್ರೂ ಕೂಡೂದಿಲ್ಲ.”

ಮಗದುಮ್ಮರು ದಿನವಿಡೀ ಅಲ್ಲೇ ಕೂತು ಕಲಿತರು. ಉಳಿದದ್ದನ್ನು ಫೋನಿನಲ್ಲಿ ಹೇಳಿಕೊಡುವುದೆಂದಾಯಿತು. ಹೀಗೆ, ಮೆಲ್ಲಗೆ ಮಾತಾಡಲು ಬಾರದ ಶಿಷ್ಯ, ಜೋರಾಗಿ ಹೇಳಿದರೂ ಕೇಳದ ಗುರು, ಇಬ್ಬರೂ ದಿನಾ ಮುಂಜಾನೆ ಏಳು ಗಂಟೆಗೆ ಫೋನಿನಲ್ಲಿ ಕೂಡತೊಡಗಿದರು. ಶಿಷ್ಯ ಮಾತಾಡುತ್ತಿದ್ದದ್ದು ಮನೆಯ ಮುಂದಿನ ಕಟ್ಟೆಯ ಮೇಲೆ. ಅಲ್ಲಿ ಸಿಗ್ನಲ್ ಚೆನ್ನಾಗಿತ್ತು.

ಆ ಬುಧವಾರ ಮುಂಜಾನೆ ಓಣಿಗೆ ಕೇಳಿಸಿದ್ದು ಇಷ್ಟು:

“ಅಜ್ಜಾರ! ಹೆಣ್ಣು ತಯಾರ ಐತ್ರಿ! ಗಂಡೂ ತಯಾರ ಐತಿ! ಆದ್ರ ಕೂಡವಲ್ದು! ಹಾಂ? ಹೆಣ್ಣು ಹನ್ನೆರಡ್ರಿ! ಗಂಡು ಹದಿಮೂರು! ಹೌದ್ರಿ, ಒಂದು ಹೆಚ್ಚಾಗೇತಿ! ಹೊಡದು ಕೂಡಿಸ್ಲೇನು? ಬ್ಯಾಡಾ? ಆತ್ರಿ, ಆತ್ರಿ!”

ಇಡೀ ಮಾತನ್ನು ಇಡಿಯಾಗಿ ಕೇಳಿದವರು ಯಾರೂ ಇರಲಿಲ್ಲ. ಅದೇ ಅನರ್ಥಕ್ಕೆ ಮೂಲ. ತಾರವ್ವ ‘ಕೂಡವಲ್ದು’ವರೆಗೆ ಕೇಳಿದರು, ಅಷ್ಟರಲ್ಲಿ ಅವರ ಕುಕ್ಕರು ಸೀಟಿ ಹೊಡೆಯಿತು. ಎದುರು ಮನೆಯ ಸಮಾಧಾನ ಸರ್ ಅಲ್ಲಿಯವರೆಗೆ ಬಾಯಿ ಮುಕ್ಕಳಿಸುತ್ತಿದ್ದರು. ನೀರು ಉಗುಳಿ ತಲೆಯೆತ್ತಿದಾಗ ಅವರ ಕಿವಿಗೆ ಬಿದ್ದದ್ದು ‘ಹೆಣ್ಣು ಹನ್ನೆರಡ್ರಿ’ಯಿಂದ ಮುಂದಿನದು.

ತಾರವ್ವನ ಮಗ ಸಂಗ್ರಾಮನಿಗೆ ಮೂವತ್ಮೂರು. ಅಥಣಿ ಕಡೆ ನಾಲ್ಕೆಕರೆ ದ್ರಾಕ್ಷಿ ನೋಡಿಕೊಳ್ಳುತ್ತಿದ್ದ. ದುಡಿಮೆಗಾರ, ಚಟ ಇಲ್ಲ, ಮುಖದಲ್ಲಿ ನಗೆ ಇದೆ. ಆದರೆ ‘ಹುಡುಗ ಏನ್ ಮಾಡ್ತಾನ?’ ಎಂಬ ಪ್ರಶ್ನೆಗೆ ‘ಹೊಲಾ ಮಾಡ್ತಾನ್ರಿ’ ಎಂದ ಕೂಡಲೇ ನಲವತ್ತು ಮನೆಗಳಲ್ಲಿ ಚಹಾದ ಕಪ್ಪು ಬೇಗ ಬೇಗ ಒಳಗೆ ಹೋಗಿತ್ತು. ಇಂಥ ತಾಯಿಯ ಕಿವಿಗೆ ‘ಹೆಣ್ಣು ತಯಾರ ಐತಿ’ ಎಂಬ ಮಾತು ಬಿದ್ದರೆ ಆಕೆ ಸುಮ್ಮನಿರುವುದುಂಟೇ? ಹತ್ತು ಗಂಟೆಗೆಲ್ಲ ತಾರವ್ವ ಶೇಂಗಾ ಹೋಳಿಗೆಯ ತಾಟಿನೊಂದಿಗೆ ಮಗದುಮ್ಮರ ಪಡಸಾಲೆಯಲ್ಲಿದ್ದರು.

“ಅಣ್ಣಾರ, ನಮ್ಮ ಕಡೆ ಮುಚ್ಚಿ ಇಡಬ್ಯಾಡ್ರಿ. ನೀವು ಕೂಡಸೂ ಕೆಲಸಾ ಸುರು ಮಾಡೀರಂತ.”

ತಮ್ಮ ಹವ್ಯಾಸವನ್ನು ಒಬ್ಬರಾದರೂ ಗುರುತಿಸಿದರಲ್ಲ ಎಂದು ಮಗದುಮ್ಮರ ಎದೆ ಉಬ್ಬಿತು. “ಯಾರು ಹೇಳಿದ್ರಿ?”

“ನೀವ ಹೇಳೀರಿ, ಇಡೀ ಓಣಿಗೆ.”

“ಕಠಿಣ ಕೆಲಸ ತಾರವ್ವ. ಬ್ಯಾರೆ ಬ್ಯಾರೆ ನೋಡಿದ್ರ ಎರಡೂ ಚಲೋ ಕಾಣತಾವ. ಹತ್ತರ ತಂದ್ರ ಒಂದಕ್ಕೊಂದು ಹೊಂದೂದಿಲ್ಲ.”

“ಖರೇ ಹೇಳಿದ್ರಿ ಅಣ್ಣಾರ! ನಾವು ನಲವತ್ತು ಕಡೆ ನೋಡಿ ಸೋತೀವಿ.”

“ನಲವತ್ತು?” ಮಗದುಮ್ಮರು ಬೆರಗಾದರು. ತಾರವ್ವನಿಗೂ ಈ ಹವ್ಯಾಸ ಇರುವುದು ಅವರಿಗೆ ಗೊತ್ತಿರಲಿಲ್ಲ. “ನನಗ ಮೂರಕ್ಕ ಸಾಕಾಗೇತಿ!”

“ಹಂಗಾರ ಎಂಥಾದ್ದು ಇರಬೇಕ್ರಿ?”

“ನೆಟ್ಟಗ ಇರಬೇಕು. ಹಸೀ ಇರಬಾರದು. ಗಂಟು ಇರಬಾರದು.”

“ನಮ್ಮ ಸಂಗ್ರಾಮಗ ಒಂದ ಗಂಟಿತ್ರಿ, ಕೊಳ್ಳಾಗ. ಹ್ವಾದ ವರ್ಷ ಮೀರಜಕ್ಕ ಹೋಗಿ ತಗಿಸೀವಿ” ಎಂದು ತಾರವ್ವ ಪ್ರಾಮಾಣಿಕವಾಗಿ ಹೇಳಿದರು.

ಸಂಗ್ರಾಮನ ಗಂಟು ಇಲ್ಲೇಕೆ ಬಂತೆಂದು ಮಗದುಮ್ಮರಿಗೆ ತಿಳಿಯಲಿಲ್ಲ. ಆದರೆ ಆ ಹುಡುಗನ ಕೈ ಗಟ್ಟಿ ಎಂಬುದು ನೆನಪಾಯಿತು. “ಹೌದಲ್ಲ, ಸಂಗ್ರಾಮನ್ನ ರವಿವಾರ ಮುಂಜಾನಿ ಕಳಸ್ರಿ. ಅವತ್ತ ಎಲ್ಲಾ ಕೂಡಿಸಿ ಬಿಗದು ಬಿಡೂದೈತಿ. ಅಂವಾ ಇದ್ದ ಅಂದ್ರ ಕೆಲಸ ಹಗರ ಆಗತೈತಿ.”

“ರವಿವಾರನ? ಅಂವಾ ಇಲ್ದ ಹೆಂಗ್ರಿ ಮತ್ತ!” ತಾರವ್ವನ ಕಣ್ಣಲ್ಲಿ ನೀರು ಬಂತು. ತಾಟನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಕಾಗವಾಡದ ತಂಗಿಗೆ ಫೋನ್ ಮಾಡಿದರು. ಚಿಕ್ಕೋಡಿಯಲ್ಲಿ ಹೊಸದಾಗಿ ಒಬ್ಬರು ಸಂಬಂಧ ಕೂಡಿಸುತ್ತಾರೆ, ಹಿಡಿದ ಕೆಲಸ ಬಿಡುವುದಿಲ್ಲ, ಈ ರವಿವಾರವೇ ಕೂಡಿಸುತ್ತಾರಂತೆ ಎಂದು ತಂಗಿ ಐನಾಪುರದ ಅಕ್ಕುತಾಯಿಗೆ ಹೇಳಿದಳು. ಅಕ್ಕುತಾಯಿಯ ಮಗಳು ಬ್ರಾಹ್ಮಿಗೆ ಇಪ್ಪತ್ತೆಂಟು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಬಂದ ವರಗಳನ್ನೆಲ್ಲ ಪರೀಕ್ಷೆ ಮಾಡಿ ಫೇಲು ಮಾಡಿದ ಕೀರ್ತಿ ಅವಳದು.

ಇತ್ತ ಸಮಾಧಾನ ಸರ್ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಹೆಸರಿಗೆ ಮಾತ್ರ ಸಮಾಧಾನ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದವರು. ನಲ್ಲಿಯಲ್ಲಿ ನೀರು ತಡವಾದರೂ ಸಂವಿಧಾನದ ಪುಟ ತೆಗೆಯುತ್ತಿದ್ದರು.

“ಹನ್ನೆರಡು ವರ್ಷದ ಹುಡುಗಿ! ಹದಿಮೂರರ ಹುಡುಗ! ಅದೂ ನಮ್ಮ ಮನಿ ಎದರ!” ಎಂದು ಹೆಂಡತಿಯ ಮುಂದೆ ಗೋಳಾಡಿದರು.

“ಮಗದುಮ್ಮರು ಅಂಥಾವರಲ್ಲ. ಹೋಗಿ ಕೇಳ್ರಿ ಒಂದ ಮಾತು” ಅಂದರು ಹೆಂಡತಿ.

ಶನಿವಾರ ಸಂಜೆ ಗೇಟಿನ ಹತ್ತಿರ ಸಮಾಧಾನ ಸರ್ ಕೇಳಿಯೇ ಕೇಳಿದರು. “ಏನ್ರಿ ಸಾಹೇಬ್ರ, ಆ ಹನ್ನೆರಡು-ಹದಿಮೂರರ ಕೆಲಸ ಎಲ್ಲೀತನಾ ಬಂತು?”

ಮಗದುಮ್ಮರು ಹಿಗ್ಗಿದರು. “ಮುಗದಂಗನ ಸರ್! ಗಂಡು ಹದಿಮೂರು ಇತ್ತಲ್ಲ, ನಾನ ಕೂತು ಹೆರದು ಹನ್ನೆರಡು ಮಾಡೀನಿ. ಈಗ ಎರಡೂ ಸರಿಸಮ. ನಾಳಿ ಬಿಗಿಯೂದು ಅಷ್ಟ!”

ಸಮಾಧಾನ ಸರ್ ಬಾಲ್ಯವಿವಾಹ ಒಂದೇ ಅಂದುಕೊಂಡಿದ್ದರು. ಈಗ ಜನ್ಮದಾಖಲೆ ತಿದ್ದುವ ಅಪರಾಧವೂ ಸೇರಿತು. ಅದೂ ವಯಸ್ಸನ್ನು ಹೆಚ್ಚಿಗೆ ತೋರಿಸುವುದು ಬಿಟ್ಟು ಕಡಿಮೆ ಮಾಡುವ ವಿಚಿತ್ರ ಅಪರಾಧಿ! ಮನೆಗೆ ಬಂದು ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದರು.

ರವಿವಾರ ಮುಂಜಾನೆ ಸಂಗ್ರಾಮ ಇಸ್ತ್ರಿ ಅಂಗಿ ಹಾಕಿಕೊಂಡು ತಾಯಿಯೊಂದಿಗೆ ಬಂದ. ಮಗದುಮ್ಮರು ಅವನನ್ನು ನೇರವಾಗಿ ಒಳಗಿನ ಖೋಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ತಾರವ್ವ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತರು.

ಒಳಗೆ ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಒಂದು ಹಲಗೆ ಇದ್ದವು. ಮಗದುಮ್ಮರು ಹೆಣ್ಣು ಯಾವುದು, ಗಂಡು ಯಾವುದು ಎಂದು ಬೆರಳಿಟ್ಟು ತೋರಿಸಿದರು. ಸಂಗ್ರಾಮ ಒಂದು ನಿಮಿಷ ಅವನ್ನೇ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

“ಕಾಕಾ, ಇವತ್ತ ಕೂಡಸೂದು ಇದನ್ನೇನ್ರಿ?”

“ಮತ್ತೇನು? ನಿಮ್ಮವ್ವ ಹೇಳಿಲ್ಲೇನು?”

ಸಂಗ್ರಾಮ ನಕ್ಕ. ಹೊರಗೆ ಹೋಗಿ ಅವ್ವನಿಗೆ ಹೇಳಲಿಲ್ಲ. ನಲವತ್ತು ಮನೆಗಳಲ್ಲಿ ಕೂತು ಸಂಬಳದ ಪ್ರಶ್ನೆಗೆ ಉತ್ತರಿಸಿ ದಣಿದಿದ್ದವನಿಗೆ, ಏನನ್ನೂ ಕೇಳದ ಈ ಖೋಲಿ ಇಷ್ಟವಾಯಿತು. ತೋಳು ಮಡಿಚಿ ಕೂತ. ಇಬ್ಬರೂ ಗುಂಡಿಗಳಿಗೆ ಅಂಟು ಸವರಿ, ಒಂದೊಂದೇ ಪಟ್ಟಿ ಒತ್ತಿದರು. ಸುಕ್ ಎಂದು ಕೂತವು. ಅಂಟು ಆರುವವರೆಗೆ ಜರುಗಬಾರದೆಂದು ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ಹಾಕಿ ತಿರುವಿ ಬಿಗಿದರು.

ಹೊರಗೆ ಬಂದಾಗ ಐನಾಪುರದ ಬಸ್ಸಿಗೆ ಬಂದ ಅಕ್ಕುತಾಯಿ, ಬ್ರಾಹ್ಮಿ ಪಡಸಾಲೆಯಲ್ಲಿ ಕೂತಿದ್ದರು. ಸಂಗ್ರಾಮ ಕೈ ಮುಗಿದ. ಅಂಗೈಯಲ್ಲಿದ್ದ ಅಂಟಿನಿಂದ ಕೈಗಳು ಅಲ್ಲೇ ಹಿಡಿದುಕೊಂಡವು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ಹೊತ್ತು ಕೈ ಮುಗಿದು ನಿಲ್ಲುವ ಹುಡುಗನನ್ನು ಅಕ್ಕುತಾಯಿ ಈ ಕಾಲದಲ್ಲಿ ನೋಡಿರಲಿಲ್ಲ.

ಇವರು ಯಾರು, ಯಾಕೆ ಬಂದಿದ್ದಾರೆ ಎಂದು ಮಗದುಮ್ಮರು ಕೇಳಬೇಕೆನ್ನುವಷ್ಟರಲ್ಲಿ ಓಣಿಯಲ್ಲಿ ಜೀಪು ನಿಂತಿತು. ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿ ಶುಭಾಂಗಿ ಮೇಡಮ್ ಇಳಿದರು. ಅವರ ಹಿಂದೆ ನೋಟ್‌ಬುಕ್ ಹಿಡಿದ ಮಹಿಳಾ ಪೊಲೀಸ್, ಅವರ ಹಿಂದೆ ಸಮಾಧಾನ ಸರ್, ಅವರ ಹಿಂದೆ ಓಣಿ.

“ವೃಷಭ ಮಗದುಮ್ ಅಂದ್ರ ನೀವೇನ್ರಿ? ಇಲ್ಲಿ ಗಂಡು-ಹೆಣ್ಣು ಕೂಡಸೂ ಕಾರ್ಯ ನಡದೈತಿ ಅಂತ ಮಾಹಿತಿ ಬಂದೈತಿ.”

ಸರ್ಕಾರದವರೆಗೂ ಸುದ್ದಿ ಹೋಗಿದೆಯೆಂದು ಮಗದುಮ್ಮರಿಗೆ ರೋಮಾಂಚನವಾಯಿತು. “ಈಗಷ್ಟ ಮುಗೀತ್ರಿ ಮೇಡಮ್! ಅರ್ಧಾ ತಾಸು ಮದಲ ಬಂದಿದ್ರ ಕಣ್ಣಿಲೆ ನೋಡತಿದ್ರಿ.”

“ಮುಗೀತು?” ಮೇಡಮ್ಮಿನ ದನಿ ಬಿಗಿಯಾಯಿತು. “ಹೆಣ್ಣು ಎಷ್ಟು?”

“ಹನ್ನೆರಡು.”

“ಗಂಡು?”

“ಅದೂ ಹನ್ನೆರಡು. ಹದಿಮೂರು ಇತ್ತು, ನಾನ ಕಡಿಮಿ ಮಾಡೀನಿ.”

“ಕೇಳಿಸ್ತಲ್ಲ! ಬಾಯಿ ಬಿಟ್ರು!” ಎಂದು ಸಮಾಧಾನ ಸರ್ ಕೂಗಿದರು.

“ಎಷ್ಟು ಜೋಡಿ?”

“ಎಂಟು.”

ಪೊಲೀಸಮ್ಮನ ಕೈಯಿಂದ ಪೆನ್ನು ಬಿತ್ತು. “ಮೇಡಮ್, ಸಾಮೂಹಿಕ ವಿವಾಹ!”

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸುಗಂಧಾಬಾಯಿ, “ಅದು ಸ್ಟೂಲ್ ಐತ್ರಿ” ಅಂದರು. ಗಂಡನ ದನಿಯ ಕೆಳಗೆ ಮೂವತ್ತು ವರ್ಷ ಬಾಳಿದ ಅವರ ದನಿ ತಟ್ಟೆಯಿಂದಾಚೆ ಹೋಗಲಿಲ್ಲ.

“ಆ ಕೂಸುಗಳು ಎಲ್ಲಿ ಅದಾವ?”

“ಒಳಗಿನ ಖೋಲಿಯಾಗ ಅದಾವ್ರಿ. ಹಗ್ಗ ಹಾಕಿ ಬಿಗದೀನಿ. ನಾಳೀತನಾ ಮಿಸುಕಬಾರದು ನೋಡ್ರಿ.”

ಒಮ್ಮೆಲೇ ಗದ್ದಲವೆದ್ದಿತು. ಅಕ್ಕುತಾಯಿ “ಏಳ ಬ್ರಾಹ್ಮಿ! ಇದೆಂಥಾ ಮನೀಗೆ ಬಂದ್ವಿ!” ಎಂದು ಮಗಳ ಕೈ ಹಿಡಿದೆಳೆದರು. ತಾರವ್ವ “ಅಯ್ಯ, ನನ್ನ ಮಗನ ಕೈಯಿಂದನ ಕಟ್ಟಿಸಿದ್ರೇನ್ರಿ!” ಎಂದು ಎದೆ ಬಡಿದುಕೊಂಡರು. ಬ್ರಾಹ್ಮಿ ಮಾತ್ರ ಏಳಲಿಲ್ಲ. ಗೋಡೆಗೆ ಒರಗಿ, ತುಟಿ ಕಚ್ಚಿ, ಭುಜ ಅಲುಗಿಸುತ್ತ ನಿಂತಿದ್ದ ಸಂಗ್ರಾಮನನ್ನೇ ಅವಳು ನೋಡುತ್ತಿದ್ದಳು. ಎಲ್ಲರೂ ಹೆದರಿರುವಾಗ ಇವನೊಬ್ಬ ನಗುತ್ತಿದ್ದಾನೆಂದರೆ ಇಲ್ಲಿ ಬೇರೇನೋ ಇದೆ.

ಪೊಲೀಸಮ್ಮ ಖೋಲಿಯ ಬಾಗಿಲು ನೂಕಿದರು. ನಡುವೆ, ಮೈತುಂಬ ಹಗ್ಗ ಸುತ್ತಿಸಿಕೊಂಡು, ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳನಂತೆ ಒಂದು ಸ್ಟೂಲು ಕೂತಿತ್ತು.

“ಮೇಡಮ್… ಇಲ್ಲೆ ಒಂದು ಸ್ಟೂಲ್ ಐತಿ.”

“ಮತ್ತ?”

“ಮತ್ತೇನಿಲ್ರಿ.”

ಮಗದುಮ್ಮರು ಕಿಸೆಯಿಂದ ಸ್ಕೇಲು ತೆಗೆದು, ಮೊದಲ ಯತ್ನದಲ್ಲಿ ಕೆಟ್ಟು ಮೂಲೆ ಸೇರಿದ್ದ ತುಂಡುಗಳ ಮೇಲೆ ಹಿಡಿದು, ಇದು ಹೆಣ್ಣು, ಇದು ಗಂಡು, ಹನ್ನೆರಡು ಮಿಲಿಮೀಟರ್ ಎಂದು ವಿವರಿಸತೊಡಗಿದರು. ಮೊದಲು ನಕ್ಕದ್ದು ಬ್ರಾಹ್ಮಿ. ಆಮೇಲೆ ಪೊಲೀಸಮ್ಮ. ಆಮೇಲೆ ಓಣಿಯೆಲ್ಲ. ಶುಭಾಂಗಿ ಮೇಡಮ್ ನಗದೆ ಇರಲು ಬಹಳ ಪ್ರಯತ್ನಪಟ್ಟು ವರದಿ ಬರೆದರು: ‘ಸ್ಥಳ ಪರಿಶೀಲಿಸಲಾಯಿತು. ಬಾಲ್ಯವಿವಾಹ ಕಂಡುಬಂದಿಲ್ಲ. ಸ್ಟೂಲು ಕಂಡುಬಂದಿದೆ.’

ತಲೆ ತಗ್ಗಿಸಿ ನಿಂತಿದ್ದ ಸಮಾಧಾನ ಸರ್ ಕಡೆ ತಿರುಗಿ, “ನೀವು ಫೋನ್ ಮಾಡಿದ್ದು ಬರೋಬ್ಬರಿ ಐತ್ರಿ ಸರ್. ಇನ್ನೊಮ್ಮೆ ಸಂಶೆ ಬಂದ್ರೂ ಮಾಡ್ರಿ” ಅಂದು ಜೀಪು ಹತ್ತಿದರು.

ನಗೆ ಇಳಿದ ಮೇಲೆ ತಾರವ್ವ ಮೆಲ್ಲಗೆ ಕೇಳಿದರು. “ಹಂಗಾದ್ರ ಅಣ್ಣಾರ, ನೀವು ಸಂಬಂಧ ಕೂಡಸೂದಿಲ್ಲೇನ್ರಿ?”

“ನಾ ಸ್ಟೂಲ್ ಕೂಡಸಾಂವ ತಾರವ್ವ.”

ತಾರವ್ವ ತೊಳೆದು ಇಟ್ಟಿದ್ದ ತಮ್ಮ ಹೋಳಿಗೆಯ ತಾಟನ್ನು ತೆಗೆದುಕೊಂಡು, ಸೆರಗಿನಿಂದ ಒರೆಸುತ್ತ ಕೂತರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ತಪ್ಪು ತಮ್ಮದಲ್ಲದಿದ್ದರೂ ಮಗದುಮ್ಮರು ಮಾತು ಬದಲಿಸಲೆಂದು ಸ್ಟೂಲನ್ನು ಹಗ್ಗದ ಸಮೇತ ಹೊರಗೆ ತಂದಿಟ್ಟರು. ಅದು ಟಕ್ ಎಂದು ಒಂದು ಕಡೆಗೆ ವಾಲಿತು. ಒಂದು ಕಾಲು ಗಿಡ್ಡವಾಗಿತ್ತು.

ಬ್ರಾಹ್ಮಿ ತಾಯಿಯ ಚೀಲಕ್ಕೆ ಕೈ ಹಾಕಿ, ಫೋಟೋ ಅಂಟಿಸಿದ್ದ ತನ್ನದೇ ಬಯೋಡಾಟಾ ತೆಗೆದಳು. ನಾಲ್ಕು ಮಡಿಕೆ ಮಾಡಿ, ಬಗ್ಗಿ ಗಿಡ್ಡ ಕಾಲಿನ ಕೆಳಗೆ ಸೇರಿಸಿದಳು. ಸ್ಟೂಲು ನೆಟ್ಟಗೆ ನಿಂತಿತು.

“ಇದಕ್ಕರ ಉಪಯೋಗಕ್ಕ ಬರ್ಲಿ. ನಮ್ಮವ್ವ ಇಪ್ಪತ್ತು ಕಾಪಿ ತಗಸ್ಯಾಳ” ಎಂದು ತಾಯಿಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಸೋಮವಾರ ಬೆಳಗಾಗುತ್ತಲೇ ಸಂಗ್ರಾಮ ಬಂದ. “ಕಾಕಾ, ಹಗ್ಗಾ ಬಿಚ್ಚೂದಿತ್ತಲ್ರಿ.” ಹಗ್ಗ ಬಿಚ್ಚಿದ. ಕಸಬರಿಗೆ ಕೇಳಿ, ಕಟ್ಟಿಗೆಯ ಹೊಟ್ಟು ಗುಡಿಸಿದ. ಸ್ಟೂಲಿನ ಕೆಳಗೂ ಗುಡಿಸಿದ. ಎಂಥ ಸಂಸ್ಕಾರದ ಹುಡುಗ ಎಂದು ಮಗದುಮ್ಮರು ಮೆಚ್ಚಿಕೊಂಡರು. ಅವನು ಹೋದ ಮೇಲೆ ಹೆಂಡತಿಯನ್ನು ಕರೆದು ಸ್ಟೂಲಿನ ಮೇಲೆ ಕೂಡಿಸಿದರು. ಟಕ್!

ಕೂಡಲೇ ಕಟ್ಟೆಗೆ ಓಡಿ ಚಿಂಚಲಿಗೆ ಫೋನು ಹಚ್ಚಿದರು. “ಅಜ್ಜಾರ! ನಿನ್ನೆ ನೆಟ್ಟಗ ನಿಂತಿತ್ರಿ! ಇವತ್ತ ಕಾಲು ಗಿಡ್ಡ ಆಗೇತಿ! ಒಂದ ದಿನದಾಗ ಕಟ್ಟಿಗಿ ಸೊರಗತೈತೇನ್ರಿ?”

ಸುಗಂಧಾಬಾಯಿ ಬಗ್ಗಿ ನೋಡಿದರು. “ಸಾಕ ಮಾಡ್ರಿ ಫೋನು. ಕಾಲು ಸೊರಗಿಲ್ಲ. ಕಾಗದ ಹೋಗೇತಿ.”

ಆ ಕಾಗದದಲ್ಲಿದ್ದದ್ದು ಅಕ್ಕುತಾಯಿಯ ನಂಬರು. ಸಂಗ್ರಾಮ ಅದಕ್ಕೆ ಫೋನು ಹಚ್ಚಿ ಹೆಸರು ಹೇಳುತ್ತಲೇ ಅಕ್ಕುತಾಯಿ, “ನೀವು ಆ ಸ್ಟೂಲಿನ ಮನ್ಯಾವ್ರಲ್ಲೇನು?” ಎಂದು ಗುಡುಗಿದರು. ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡಳು.

“ನಿಮಗ ಮದಲ ಗೊತ್ತಿತ್ತಲ್ಲ, ಅದು ಸ್ಟೂಲ್ ಅಂತ?”

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಎದ್ದು ಹೋಗತಿದ್ರಿ.”

ಈ ಉತ್ತರಕ್ಕೆ ಬ್ರಾಹ್ಮಿ ಎಷ್ಟು ಅಂಕ ಕೊಟ್ಟಳೋ ತಿಳಿಯದು. ಪಾಸು ಮಾಡಿದ್ದಂತೂ ಖರೆ. ಮುಂದಿನ ಎರಡು ರವಿವಾರ ತೋಟಕ್ಕೆ ಹೋಗಿ ದ್ರಾಕ್ಷಿಯ ಬಳ್ಳಿ ನೋಡಿಬಂದಳು. ಮೂರು ತಿಂಗಳಿಗೆ ಐನಾಪುರದಲ್ಲಿ ಮದುವೆಯಾಯಿತು. ತಾರವ್ವ ಮಗದುಮ್ಮರನ್ನು ಎಲ್ಲರ ಮುಂದೆ ಕರೆದು, ಈ ಸಂಬಂಧ ಕೂಡಿಸಿದ ಪುಣ್ಯಾತ್ಮರು ಇವರೇ ಎಂದು ಶಾಲು ಹೊದಿಸಿದರು. ಮಗದುಮ್ಮರು ತಾವು ಕೂಡಿಸಿದ್ದು ಸ್ಟೂಲು ಮಾತ್ರ ಎಂದು ಹತ್ತು ನಿಮಿಷ ವಿವರಿಸಿದರು. ಎಷ್ಟು ನಿಗರ್ವಿ ಎಂದು ನೆರೆದವರು ತಲೆದೂಗಿದರು.

ಮರುವಾರದಿಂದ ಅವರ ಗೇಟಿನ ಮುಂದೆ ತಾಯಂದಿರು ಬರತೊಡಗಿದರು. ಅಥಣಿಯಿಂದ, ಕಾಗವಾಡದಿಂದ, ನಿಪ್ಪಾಣಿಯಿಂದ. ಎಲ್ಲರ ಕೈಯಲ್ಲಿ ಫೋಟೋ. ಎಲ್ಲರ ಮಕ್ಕಳೂ ಹೊಲ ಮಾಡುವವರೇ.

“ನಾ ಸ್ಟೂಲ್ ಮಾಡಾಂವ್ರಿ” ಎಂದು ಮಗದುಮ್ಮರು ಹೇಳಿ ಹೇಳಿ ಸೋತರು.

“ಮಾಡಾಕಂತೂ ಬರತೈತಲ್ಲ, ಒಂದ ಉದ್ದಂದು ಮಾಡ್ರಿ. ಪಾಪ, ಬಿಸಲಾಗ ಬಂದು ನಿಲ್ಲತಾರ” ಅಂದರು ಸುಗಂಧಾಬಾಯಿ.

ಬೆಂಚು ಮುಗಿಯಲು ಐದು ವಾರ ಹಿಡಿಯಿತು. ಒಂದೂ ಮೊಳೆ ಇಲ್ಲ. ನಾಲ್ಕೂ ಕಾಲು ಸಮ. ಕಟ್ಟೆಯ ಪಕ್ಕ ಇಟ್ಟ ಮೊದಲ ದಿನ ರಾಯಬಾಗದ ಕೆಂಚವ್ವ ಎಂಬುವರು ಬಂದು ಅದರ ಮೇಲೆ ಕೂತರು. ಬೆವರು ಒರೆಸಿಕೊಂಡು, ಹಲಗೆಯ ಮೇಲೆ ಅಂಗೈ ಆಡಿಸಿದರು.

“ಎಷ್ಟ ಚಂದ ಕೂಡ್ಸ್ಯಾರ್ರಿ. ಯಾವ ಅಂಗಡ್ಯಾಗ ತಗೊಂಡ್ರಿ?”

ನಿವೃತ್ತರಾದಂದಿನಿಂದ ಈ ಮಾತಿಗಾಗಿ ಕಾದಿದ್ದ ಮಗದುಮ್ಮರು ಬಾಯಿ ತೆರೆದರು. ಆದರೆ ಕೆಂಚವ್ವ ಅಷ್ಟರಲ್ಲೇ ಚೀಲದಿಂದ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಒಂದು ಫೋಟೋ ತೆಗೆದು, ಎರಡೂ ಕೈಯಲ್ಲಿ ಹಿಡಿದು ಚಾಚಿದ್ದರು. “ಇಂವಾ ನಮ್ಮ ಹಿರ್ಯಾ ವಿಶಾಲ್ರಿ. ಕಬ್ಬು ಮಾಡ್ತಾನ. ಸಿಟ್ಟ ಅನ್ನೂದ ಗೊತ್ತಿಲ್ಲರಿ ಅದಕ್ಕ.”

ಮಗದುಮ್ಮರು ತೆರೆದ ಬಾಯಿ ಮುಚ್ಚಿದರು. ಕೈಯಲ್ಲಿದ್ದ ಸ್ಕೇಲನ್ನು ಕಿಸೆಗೆ ಹಾಕಿ, ಚಸ್ಮಾ ಏರಿಸಿ, ಕೆಂಚವ್ವನ ಪಕ್ಕ ಬೆಂಚಿನ ಮೇಲೆ ಕೂತರು.

“ಕೊಡ್ರಿ ಇಲ್ಲೆ, ನೋಡೋಣು” ಅಂದರು.

ಬೆಂಚು ಇಬ್ಬರ ಭಾರಕ್ಕೂ ಕಿರ್ ಅನ್ನಲಿಲ್ಲ.